ಆಯುಧಪೂಜೆಗೆ ತೊಳೆದ ಫಿಲ್ಟರು

ಯಡಿಯೂರು ಕಡೆಯ ಮಾರ್ಕೆಟ್ಟಿನಲ್ಲಿ ನಾನು ಮೀನು ಕೊಯ್ದು ಕೊಡುವ ಕೆಲಸ ಮಾಡುತ್ತಿದ್ದೆ. ಗಿರಾಕಿ ಮೀನು ತಂದು ಮುಂದೆ ಹಾಕಿದರೆ ಹುರುಪೆ ಕೆರೆದು, ಕಿವಿರು ಕಿತ್ತು, ಹೇಳಿದ ಅಳತೆಗೆ ತುಂಡು ಮಾಡುವುದು. ಮಂಡಿ ಕೈಕೊಟ್ಟ ಮೇಲೆ ದಿನವೆಲ್ಲ ಕುಕ್ಕರುಗಾಲಲ್ಲಿ ಕೂರಲು ಆಗಲಿಲ್ಲ. ಇನ್ನು ಸಾಕು ಎಂದುಕೊಂಡ ವಾರವೇ ಒಬ್ಬ ಗಿರಾಕಿ ಬಂದು, ನಮ್ಮ ಮನೆಗೆ ಬಂದು ಮೀನು ನೋಡಿಕೊಳ್ಳುತ್ತೀರಾ ಎಂದು ಕೇಳಿದ. ಸತ್ತ ಮೀನಿನ ವಿಷಯ ನನ್ನಷ್ಟು ಗೊತ್ತಿದ್ದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಬದುಕಿರುವ ಮೀನಿನ ವಿಷಯ ನನಗೇನೂ ಗೊತ್ತಿಲ್ಲಪ್ಪ ಎಂದೆ. ಹೇಳಿಕೊಡುತ್ತೇನೆ ಎಂದ.

ಅವನು ಹಳೆಯ ಗಿರಾಕಿ. ನಲವತ್ತರ ಹತ್ತಿರದವನು, ಜೆ.ಪಿ. ನಗರದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ವಾರಕ್ಕೆ ಮೂರು ಸಲ ಬಂದು ಜಿಲೇಬಿ ಮೀನು ಕೊಂಡು, ಮುಳ್ಳು ತೆಗೆಸಿ, ರಕ್ತ ಹೋಗುವ ಹಾಗೆ ತೊಳೆಸಿ, ಬೆರಳುದ್ದ ತುಂಡು ಮಾಡಿಸುತ್ತಿದ್ದ. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗುತ್ತಿದ್ದ. ಮನೆಯವರಿಗೆ ಗೊತ್ತಾಗದಂತೆ ಕದ್ದು ತಿನ್ನುವವನಿರಬೇಕು ಎಂದು ನಮ್ಮ ಸಾಲಿನ ಹೆಂಗಸರು ನಗುತ್ತಿದ್ದರು. ಬೆಕ್ಕಿಗಿರಬೇಕು ಎಂದು ನಾನಂದುಕೊಂಡಿದ್ದೆ.

ಮನೆ ಜಯನಗರದಲ್ಲಿ. ಕಾರು ನಿಲ್ಲಿಸುವ ಜಾಗಕ್ಕೆ ಗೋಡೆ ಕಟ್ಟಿ ಕೋಣೆ ಮಾಡಿದ್ದ. ಕಾರು ರಸ್ತೆಯಲ್ಲಿ ನಿಂತಿತ್ತು. ಕೋಣೆಯೊಳಗೆ ಹತ್ತಡಿ ಉದ್ದ, ನಾಲ್ಕಡಿ ಅಗಲ, ಮೂರಡಿ ಎತ್ತರದ ಗಾಜಿನ ತೊಟ್ಟಿ. ಮುಚ್ಚಳದ ಮೇಲೆ ಸಾಲಾಗಿ ಇಟ್ಟಿಗೆ. ಇಲ್ಲದಿದ್ದರೆ ಎಗರಿ ಆಚೆ ಬೀಳುತ್ತವೆ ಎಂದ. ಒಳಗೆ ಮೂರೇ ಮೀನು. ಒಂದು ದಪ್ಪ ತಲೆಯ ಮೀಸೆ ಮೀನು, ಬಾಲ ಕೆಂಡದ ಹಾಗೆ ಕೆಂಪು, ಯಾವುದೋ ದೂರದೇಶದ ದೊಡ್ಡ ಹೊಳೆಯದು. ಇನ್ನೊಂದು ಮೊಸಳೆ ಮೂತಿಯದು, ಮೈ ತುಂಬ ಕಲ್ಲಿನಂಥ ಹುರುಪೆ, ಅದೂ ಹೊರದೇಶದ್ದು. ಮೂರನೆಯದನ್ನು ನಾನೇ ಗುರುತು ಹಿಡಿದೆ. ನಮ್ಮ ಕಾವೇರಿಯ ಬಾಳೆ ಮೀನು. ಅಗಲ ಬಾಯಿ, ಬೆಳ್ಳಿ ಮೈ, ಕತ್ತಿಯ ಹಾಗೆ ಚಪ್ಪಟೆ. ಎಷ್ಟೋ ಬಾಳೆ ಮೀನಿನ ಹೊಟ್ಟೆ ಸೀಳಿದ್ದೇನೆ. ಅದು ಕಣ್ಣು ತಿರುಗಿಸಿ ನೋಡುತ್ತದೆ ಎಂದು ಅವತ್ತೇ ಗೊತ್ತಾದದ್ದು.

ಮನೆಯಲ್ಲಿ ಇರುವವರು ಇಬ್ಬರೇ, ಅವನು ಮತ್ತು ಅವನ ತಾಯಿ. ತಾಯಿಯನ್ನು ನಾನು ಅಮ್ಮಾವ್ರು ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ. ಈರುಳ್ಳಿಯನ್ನೂ ನೋಡಿ ನೋಡಿ ತಿನ್ನುವ ಜನ. ಮೀನಿನ ತುಂಡು ಇಡಲು ಆ ಕೋಣೆಯಲ್ಲೇ ಬೇರೆ ಸಣ್ಣ ಫ್ರಿಜ್ಜು, ಬೇರೆ ಬಕೆಟ್ಟು, ಬೇರೆ ನಲ್ಲಿ. ನಾನು ಪಕ್ಕದ ಓಣಿಯಿಂದ ಬಂದು ಅಲ್ಲಿಂದಲೇ ಹೋಗಬೇಕು. ನನ್ನ ಕಾಫಿ ಲೋಟ ಓಣಿಯ ಕಿಟಕಿಯಲ್ಲಿ. ಮೊದಲ ದಿನ, ಜಿಲೇಬಿ ತಂದಿದ್ದೀನಿ ಅಮ್ಮಾವ್ರೇ ಎಂದೆ. ಸಿಹಿ ತಂದಿದ್ದಾಳೆಂದು ಪಾಪ ಕೈ ಚಾಚಿದರು. ಆಮೇಲೆ ಎರಡು ದಿನ ನನ್ನ ಕಡೆ ನೋಡಲಿಲ್ಲ.

ಅಂಥ ಮನೆಯಲ್ಲಿ ಅಂಥ ಮೀನು ಯಾಕೆ ಎಂದು ಒಂದು ತಿಂಗಳಾದ ಮೇಲೆ ಅವರೇ ಹೇಳಿದರು. ಸೊಸೆ ಬಿಟ್ಟುಹೋಗಿ ಮೂರು ವರ್ಷ. ಅದಾದ ಮೇಲೆ ಮಗ ಒಂದು ವರ್ಷ ಊಟಕ್ಕೆ ಕೂತರೂ ಬಾಯಿ ಬಿಡುತ್ತಿರಲಿಲ್ಲ. ಈ ಮೀನು ತಂದ ಮೇಲೆ ಅದು ಹೀಗೆ ತಿಂತು, ಇದು ಹೀಗೆ ತಿರುಗಿತು ಎಂದು ಹೇಳಲಾದರೂ ಬಾಯಿ ತೆರೆಯುತ್ತಾನೆ.

"ನಂಗೆ ಆ ವಾಸನೆ ಆಗಲ್ಲ ನಿಂಗಮ್ಮ. ಆದ್ರೆ ಅವು ಇರೋ ತನಕ ನನ್ ಮಗ ಮಾತಾಡ್ತಾನೆ. ಅಷ್ಟು ತಿಳ್ಕೊಂಡು ನೋಡ್ಕೋ."

ನಾನು ತಿಳಿದುಕೊಂಡೆ. ಮೀನು ನೋಡಿಕೊಳ್ಳುವುದು ಎಂದರೆ ಯಾರನ್ನು ನೋಡಿಕೊಳ್ಳುವುದು ಎಂದು.

ಕೆಲಸ ಹೀಗೆ. ಸೋಮವಾರ, ಬುಧವಾರ, ಶನಿವಾರ ಊಟ. ಉಳಿದ ದಿನ ಉಪವಾಸ. ಹೊಳೆಯಲ್ಲೂ ಇವಕ್ಕೆ ದಿನಾ ಸಿಗುವುದಿಲ್ಲವಂತೆ. ತುಂಡನ್ನು ಉದ್ದದ ಇಕ್ಕುಳದಲ್ಲಿ ಹಿಡಿದು ಕೊಡಬೇಕು. ಕೆಂಪು ಬಾಲದ್ದು ಕೆಳಗಿನಿಂದ ಬಂದು ಬಾಯಿ ಅಗಲಿಸಿ ನೀರಿನ ಸಮೇತ ಎಳೆದುಕೊಳ್ಳುತ್ತದೆ. ಬಾಳೆ ಕತ್ತಲಾದ ಮೂಲೆಯಿಂದ ಒಂದೇ ಸಲ ನುಗ್ಗುತ್ತದೆ. ಮೊಸಳೆ ಮೂತಿ ಕಟ್ಟಿಗೆಯ ಹಾಗೆ ಅಲ್ಲಾಡದೆ ನಿಂತಿದ್ದು, ತಲೆಯನ್ನು ಪಕ್ಕಕ್ಕೆ ಬೀಸಿ ಕಚ್ಚುತ್ತದೆ. ಮೂರಕ್ಕೂ ಒಂದೇ ಹೊತ್ತಿಗೆ ಮೂರು ಕಡೆ ಕೊಡದಿದ್ದರೆ ಒಂದರ ಮೂತಿಗೆ ಇನ್ನೊಂದು ಬಾಯಿ ಹಾಕುತ್ತದೆ. ತಿಂದು ಬಿಟ್ಟದ್ದನ್ನು ಅರ್ಧ ಗಂಟೆಯೊಳಗೆ ಬಲೆಯಲ್ಲಿ ಎತ್ತಬೇಕು. ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ತೆಗೆದು ಹೊಸದು ತುಂಬಬೇಕು. ನಲ್ಲಿಯಲ್ಲಿ ಬರುವ ಕಾವೇರಿ ನೀರನ್ನು ನೇರ ಬಿಡುವಂತಿಲ್ಲ, ಅದರಲ್ಲಿ ಬ್ಲೀಚಿಂಗ್ ಇರುತ್ತದೆ. ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಅದನ್ನು ಮುರಿಯುವ ಔಷಧಿ ಅಳತೆಯ ಪ್ರಕಾರ ಹಾಕಿ, ಆಮೇಲೆ. ಕೊನೆಗೆ ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಎರಡು ಬಾಟಲಿಯ ಹನಿ ಬಿಟ್ಟು ಕುಲುಕಬೇಕು. ನೀರು ಹಳದಿ ಬಂದರೆ ಒಳ್ಳೆಯದು. ಹಸಿರು ತಿರುಗಿದರೆ ಮೀನಿನ ಹೇಲು ಉಚ್ಚೆಯ ವಿಷ ಏರಿದೆ ಎಂದು.

ಇಷ್ಟನ್ನೂ ಅವನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ನನ್ನದು ಮೂರನೇ ಕ್ಲಾಸು. ಬೆರಳಿಟ್ಟು ಓದುತ್ತೇನೆ. ಆ ಹಾಳೆಯಲ್ಲಿ ಇಲ್ಲದ್ದು ಒಂದೇ. ತೊಟ್ಟಿಯ ಕೆಳಗೆ ಬಾಗಿಲು ಹಾಕಿದ ಪೆಟ್ಟಿಗೆಯಲ್ಲಿ ಫಿಲ್ಟರು ಇತ್ತು. ಅದನ್ನು ಅವನೇ ನೋಡಿಕೊಳ್ಳುತ್ತಿದ್ದ. ನಾನು ಮುಟ್ಟುತ್ತಿರಲಿಲ್ಲ, ಹಾಗಾಗಿ ಮುಟ್ಟಬೇಡಿ ಎಂದು ಬರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಮಹಡಿಯ ಮೇಲೆ ಒಂದು ಡ್ರಮ್ಮಿನಲ್ಲಿ ತಾವರೆ ಬೆಳೆಸಿದ್ದಾನೆ ಎಂದು ಕೇಳಿದ್ದೆ. ದಿನಾ ಬೆಳಿಗ್ಗೆ ಒಂದು ಗಳಿಗೆ ಮೇಲೆ ಹೋಗಿ ಬರುತ್ತಿದ್ದ. ನನ್ನ ಮಂಡಿಗೆ ಆ ಮೆಟ್ಟಿಲು ಬೇಡ. ಅಮ್ಮಾವ್ರೂ ಹತ್ತುತ್ತಿರಲಿಲ್ಲ.

ಒಂದೂವರೆ ವರ್ಷ ಹೀಗೇ ನಡೆಯಿತು. ಕೊಳವೆಯ ನೀರು ಯಾವತ್ತೂ ಹಳದಿ.

ಆ ಸಲ ದಸರೆಗೆ ಅವನು ದಾವಣಗೆರೆಗೆ ಹೋದ. ಸೊಸೆಯ ಊರು ಅದು, ಡೈವೋರ್ಸಿನ ಕೇಸು ಅಲ್ಲಿಯ ಕೋರ್ಟಿನಲ್ಲಿ. ರಜೆ ಕಳೆದ ಸೋಮವಾರ ಕೊನೆಯ ಸಹಿ. ಅದಕ್ಕೆ ಮುಂಚೆ ದೊಡ್ಡವರನ್ನು ಕೂರಿಸಿ ಇನ್ನೊಂದು ಸಲ ಮಾತಾಡುವುದಿತ್ತಂತೆ. ಹೊರಡುವಾಗ ಹಾಳೆಯ ಮುಂದೆ ನಿಲ್ಲಿಸಿ ಒಂದೊಂದು ಸಾಲನ್ನೂ ಓದಿಸಿದ. ಬಾಗಿಲಿಗೆ ಹೋದವನು ತಿರುಗಿ ಬಂದು ಗಾಜಿಗೆ ಬೆರಳು ತಟ್ಟಿ ಹೋದ.

ಬುಧವಾರ ಆಯುಧಪೂಜೆ. ಬೆಳಿಗ್ಗೆ ನಾನು ನನ್ನ ಮಚ್ಚು, ಎರಡು ಚೂರಿ, ಮರದ ಕೊರಡು ಎಲ್ಲ ತೊಳೆದು ಕುಂಕುಮ ಇಟ್ಟು ಬಂದಿದ್ದೆ. ಅವತ್ತು ನಾವು ಮಚ್ಚು ಮುಟ್ಟುವುದಿಲ್ಲ. ನಮ್ಮ ಅಪ್ಪ ಹೊಸಕೆರೆಹಳ್ಳಿ ಕೆರೆಯಲ್ಲಿ ಬಲೆ ಬೀಸುತ್ತಿದ್ದವನು. ಆ ದಿನ ಬಲೆಯೂ ಗೂಟದ ಮೇಲೆ ಇರುತ್ತಿತ್ತು. ವರ್ಷವೆಲ್ಲ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ, ವಿಜಯದಶಮಿಗೆ ಮತ್ತೆ ಕೈಗೆ. ಹಾಗಾಗಿ ಮೀನಿನ ಬುಧವಾರದ ಊಟವನ್ನು ಗುರುವಾರಕ್ಕೆ ಹಾಕೋಣ ಎಂದುಕೊಂಡೆ. ಆದರೂ ಹಬ್ಬದ ದಿನ ಒಂದು ಸಲ ನೋಡಿ ಹೋಗೋಣ ಎಂದು ಬಂದರೆ ಅಮ್ಮಾವ್ರು ಓಣಿಯಲ್ಲೇ ಕಾಯುತ್ತಿದ್ದರು. ತಲೆಗೆ ಸ್ನಾನ ಮಾಡಿ, ತಟ್ಟೆಯಲ್ಲಿ ವಿಭೂತಿ, ಸೇವಂತಿಗೆ. ಕಾರಿಗೆ, ಸ್ಕೂಟರಿಗೆ, ಮಿಕ್ಸಿಗೆ ಎಲ್ಲ ಆಗಿತ್ತು.

"ಅವನ ಮೀನಿನ ಮಿಷಿನ್ನಿಗೂ ಪೂಜೆ ಮಾಡ್ಬಿಡೋಣ ಕಣೇ. ಅವನು ಊರಲ್ಲಿಲ್ಲ. ಸೋಮವಾರ ಒಳ್ಳೇದಾಗ್ಲಿ."

ಆ ಕೋಣೆಗೆ ಅವರು ಕಾಲಿಟ್ಟದ್ದು ನಾನು ನೋಡಿದ ಮಟ್ಟಿಗೆ ಅದೇ ಮೊದಲು. ಕೆಳಗಿನ ಪೆಟ್ಟಿಗೆಯ ಬಾಗಿಲು ತೆಗೆದೆ. ಒಳಗೆ ದಪ್ಪ ಸ್ಪಂಜು, ಅದರ ಪಕ್ಕದಲ್ಲಿ ಬಲೆಚೀಲದ ತುಂಬ ಬಳೆ ಚೂರಿನಂಥ ಪಿಂಗಾಣಿ ತುಂಡು, ನೀರೆತ್ತುವ ಮೋಟಾರು. ಎಲ್ಲದರ ಮೇಲೂ ಕಂದು ಲೋಳೆ. ಕೈಯಿಟ್ಟರೆ ಜಾರುತ್ತದೆ. ಅಯ್ಯೋ ಶಿವನೇ ಎಂದು ಅಮ್ಮಾವ್ರು ಮೂಗು ಮುಚ್ಚಿಕೊಂಡರು. ಇಷ್ಟು ಕೊಳಕಿನ ಮೇಲೆ ವಿಭೂತಿ ಹಚ್ಚುವುದು ಹೇಗೆ? ನಮ್ಮಲ್ಲಿ ಯಾವ ಸಾಮಾನನ್ನೂ ತೊಳೆಯದೆ ಪೂಜೆಗೆ ಇಡುವುದಿಲ್ಲ. ಅವರಲ್ಲೂ ಅಷ್ಟೇ. ಗಾಳಿ ಬಿಡುವ ಸಣ್ಣ ಮೋಟಾರನ್ನು ಹಾಗೇ ಓಡಲು ಬಿಟ್ಟೆ, ಮೀನಿಗೆ ಉಸಿರು ಬೇಕು ಎನ್ನುವಷ್ಟು ಬುದ್ಧಿ ಇತ್ತು. ದೊಡ್ಡ ಮೋಟಾರು ನಿಲ್ಲಿಸಿ, ಸ್ಪಂಜನ್ನೂ ಬಳೆಗಳನ್ನೂ ಹೊರಗೆ ತಂದು, ನಲ್ಲಿ ಪೂರ್ತಿ ಬಿಟ್ಟು ತಿಕ್ಕಿದೆ. ಅಮ್ಮಾವ್ರು ಬಳೆಚೂರುಗಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ಕೊಟ್ಟರು. ಬಿಳಿ ಆಗುವ ತನಕ ತೊಳೆದೆ. ಓಣಿಯಲ್ಲಿ ಚಾಪೆ ಹಾಸಿ ಬಿಸಿಲಿಗೆ ಹರಡಿದೆ. ಮಲ್ಲಿಗೆ ಮೊಗ್ಗು ಹರಡಿದ ಹಾಗಿತ್ತು. ನೋಡಿ ಇಬ್ಬರಿಗೂ ಸಂತೋಷವಾಯಿತು.

ಮೋಟಾರಿಗೆ ವಿಭೂತಿ, ಗಾಜಿಗೆ ಹೂವು, ಬಾಗಿಲಲ್ಲಿ ಬೂದುಗುಂಬಳ. ಪೂಜೆಯಾದ ಸಾಮಾನು ಅವತ್ತು ಓಡಬಾರದು. ಗುರುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಮೋಟಾರು ಹಾಕಿದೆ. ನಿನ್ನೆ ಉಪವಾಸ ಇದ್ದವಲ್ಲ, ಹಬ್ಬ ಬೇರೆ ಎಂದು ಮೂರಕ್ಕೂ ಎರಡರಷ್ಟು ಹಾಕಿದೆ. ಚೆನ್ನಾಗಿ ತಿಂದವು.

ಶನಿವಾರ ಬೆಳಿಗ್ಗೆ ಬಂದಾಗ ನೀರು ಗಂಜಿಯ ತಿಳಿಯ ಹಾಗೆ ಮಂಜಾಗಿತ್ತು. ತುಂಡು ಹಿಡಿದರೆ ಬಾಳೆ ಬರಲಿಲ್ಲ. ಕೆಂಪು ಬಾಲದ್ದು ತಳ ಬಿಟ್ಟು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಕಿವಿರು ಪಟಪಟ ಬಡಿಯುತ್ತಿತ್ತು. ಕಿವಿರು ನೋಡಿ ಮೀನಿನ ಜಾತಕ ಹೇಳುವುದು ನನ್ನ ಕಸುಬು. ಆದರೆ ಅಂಥ ಕಿವಿರನ್ನು ನಾನು ಬದುಕಿರುವ ಮೀನಿನಲ್ಲಿ ಕಂಡಿರಲಿಲ್ಲ. ಸುಟ್ಟ ಹಾಗೆ ಕೆಂಪು, ಅಂಚಿನಲ್ಲಿ ಲೋಳೆ. ಕೊಳವೆಯಲ್ಲಿ ನೀರು ಹಿಡಿದು ಹನಿ ಬಿಟ್ಟೆ. ಕುಲುಕುವ ಮುಂಚೆಯೇ ಹಸಿರು. ಎಲೆಹಸಿರು.

ನಾನು ಫೋನು ತೆಗೆದೆ. ಅಮ್ಮಾವ್ರು ಕೈ ಹಿಡಿದರು.

"ಸೋಮವಾರ ಕೋರ್ಟು ಕಣೇ. ಈಗ ಇದನ್ನ ಹೇಳಿದ್ರೆ ಅಲ್ಲಿ ಹೋಗಿ ಅವನು ಏನು ಮಾತಾಡ್ತಾನೆ? ಎಲ್ಲಾ ಬಿಟ್ಟು ಬಂದ್ಬಿಡ್ತಾನೆ. ನಿನ್ ಕೈ ಮುಗೀತೀನಿ."

ನನ್ನ ಅನ್ನ ಕೊಡುವ ಮನೆ. ತಾಯಿ ಮಾತು. ಆದರೂ ನಾನು ಫೋನನ್ನು ಸೆರಗಿಗೆ ಸಿಕ್ಕಿಸಿಕೊಂಡದ್ದು ಅದಕ್ಕೇ ಅಲ್ಲ. ನನಗೂ ಹೇಳಲು ಬಾಯಿ ಬರಲಿಲ್ಲ. ಅದನ್ನು ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ.

ಬನಶಂಕರಿಯಲ್ಲಿ ಅವನು ಔಷಧಿ ತರುವ ಮೀನಿನ ಅಂಗಡಿ ಗೊತ್ತಿತ್ತು. ಆಟೋ ಮಾಡಿಕೊಂಡು ಹೋಗಿ ಅಂಗಡಿಯವನನ್ನು ಕರೆದುಕೊಂಡು ಬಂದೆ. ಅವನು ನೀರು ಮೂಸಿ ನೋಡಿದ, ಬಗ್ಗಿ ಪೆಟ್ಟಿಗೆ ತೆರೆದ. ಹಲ್ಲಿನ ಹಾಗೆ ಬೆಳ್ಳಗಿದ್ದ ಬಳೆಗಳನ್ನು ಕಂಡು ಅಲ್ಲೇ ನೆಲದ ಮೇಲೆ ಕೂತ.

"ಯಾರಜ್ಜಿ ಇದನ್ನ ತೊಳ್ದಿದ್ದು?"

"ನಾನೇ ಕಣಪ್ಪ."

"ಎಂಥದ್ರಲ್ಲಿ?"

"ಕಾವೇರಿ ನೀರಲ್ಲಿ. ಬಿಸಿಲಿಗೂ ಒಣಗ್ಸಿದೆ."

"ಒಣಗ್ಸಿದ್ರಾ," ಎಂದು ಕೇಳಿ, ಆಮೇಲೆ ಬಿಡಿಸಿ ಹೇಳಿದ. ಆ ಕಂದು ಲೋಳೆಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತವಂತೆ. ಮೀನಿನ ಹೊಲಸನ್ನು ತಿಂದು ವಿಷ ಇಳಿಸುವುದು ಅವೇ. ಅವು ಬೆಳೆಯಲು ತಿಂಗಳುಗಟ್ಟಲೆ ಬೇಕು. ಬ್ಲೀಚಿಂಗ್ ನೀರು ಅರ್ಧ ಕೊಂದಿತು, ಬಿಸಿಲು ಉಳಿದದ್ದನ್ನು ಕೊಂದಿತು. ನಾನು ತೊಳೆದದ್ದು ಕೊಳಕಲ್ಲ.

ಹಾಲು ಹೆಪ್ಪು ಹಾಕಲು ಹಳೇ ಮಜ್ಜಿಗೆ ಬೇಕಾದ ಹಾಗೆ ಇದಕ್ಕೂ ಹಳೇದು ಬೇಕು ಎಂದ. ಅವನ ಅಂಗಡಿಯ ತೊಟ್ಟಿಗಳು ಸಣ್ಣವು, ಸ್ಪಂಜುಗಳೂ ಅಂಗೈಯಷ್ಟು. ಎರಡು ತಂದುಕೊಟ್ಟ. ಇಷ್ಟು ದೊಡ್ಡ ಮೀನಿಗೆ ಇದು ಯಾವ ಮೂಲೆಗೂ ಸಾಲದು, ಮನೆಯಲ್ಲಿ ಇನ್ನೆಲ್ಲಾದರೂ ಓಡುತ್ತಿರುವ ಹಳೇ ಫಿಲ್ಟರು ಇದೆಯಾ, ಮೀನು ಸಾಕಿದವರನ್ನೇ ಒಂದು ಮಾತು ಕೇಳಿ ಎಂದ. ನಾನು ಅಮ್ಮಾವ್ರ ಮುಖ ನೋಡಿದೆ. ಇನ್ನೆಲ್ಲಿರುತ್ತೆ ಎಂದರು.

ಉಳಿದದ್ದು ಒಂದೇ ದಾರಿ. ಊಟ ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಅರ್ಧರ್ಧ ನೀರು ಬದಲಾಯಿಸುವುದು. ಔಷಧಿ, ಕಲ್ಲುಪ್ಪಿನ ಅಳತೆ ಬರೆದುಕೊಟ್ಟು ಹೋದ. ವಾರಕ್ಕೊಂದು ಸಲ ಮೂರರಲ್ಲಿ ಒಂದು ಪಾಲು ಬದಲಾಯಿಸಿದರೇ ನನ್ನ ಸೊಂಟ ಬೀಳುತ್ತದೆ. ಹಬ್ಬದ ವಾರ ಕಾವೇರಿ ನೀರು ಒಂದು ದಿನ ತಪ್ಪಿಸಿ ಬಿಟ್ಟಿದ್ದರು, ಸಂಪಿನಲ್ಲಿ ಅರ್ಧಕ್ಕಿಂತ ಕಡಿಮೆ. ಡ್ರಮ್ಮಿಗೆ ತುಂಬಿ, ಔಷಧಿ ಕಲಸಿ, ಪೈಪು ಹಿಡಿದು, ಹಳೇ ನೀರನ್ನು ಮೋರಿಗೆ ಬಿಟ್ಟು. ಕೆಲಸದ ನಡುವೆ ತಿರುಗಿ ನೋಡಿದರೆ ಅಮ್ಮಾವ್ರು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ಟು ಹಿಡಿದು ನಿಂತಿದ್ದರು. ನಾನು ಮೀನಿನ ತುಂಡು ತೊಳೆಯುವ ಬಕೆಟ್ಟು ಅದು. ಹೇಳೋಣ ಎಂದುಕೊಂಡೆ. ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಾಳೆ ಸತ್ತಿತ್ತು. ತಳದ ಮೂಲೆಯಲ್ಲಿ, ಹೊಟ್ಟೆ ಮೇಲಾಗಿ. ಮೊಸಳೆ ಮೂತಿ ಮಾತ್ರ ಇದ್ದ ಹಾಗೇ ಇತ್ತು. ಗಳಿಗೆಗೊಮ್ಮೆ ಮೇಲೆ ಬಂದು ಮೂತಿ ಆಚೆ ಇಟ್ಟು ಗಾಳಿ ಕುಡಿದು ಹೋಗುತ್ತಿತ್ತು. ಅದರ ಜಾತಿಯೇ ಹಾಗಂತೆ, ಕೆಟ್ಟ ನೀರಿನಲ್ಲೂ ಗಾಳಿ ಕುಡಿದು ಬದುಕುತ್ತದೆ. ಕೆಂಪು ಬಾಲದ್ದಕ್ಕೆ ಆ ವಿದ್ಯೆ ಇರಲಿಲ್ಲ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅದು ಪಕ್ಕಕ್ಕೆ ವಾಲಿತ್ತು. ಮೈಯ ಲೋಳೆ ಹಾಳೆಹಾಳೆಯಾಗಿ ಸುಲಿಯುತ್ತಿತ್ತು. ಕಣ್ಣು ಮಂಜು. ಮೀಸೆ ಮುರುಟಿ ಹಿಂದಕ್ಕೆ ಮಡಚಿತ್ತು. ಅಂಗಡಿಯವನಿಗೆ ಫೋನು ಮಾಡಿ ಹೇಳಿದೆ. ಇನ್ನು ಆಗಲ್ಲ ಅಜ್ಜಿ, ಅದಾಗೇ ಹೋಗುತ್ತೆ, ಆದರೆ ಅದು ಗಟ್ಟಿ ಜೀವ, ಒಂದು ದಿನ ಹಿಡಿಯಬಹುದು, ಎರಡೂ ಹಿಡಿಯಬಹುದು ಎಂದ.

ನಾನು ಹೊಸಕೆರೆಹಳ್ಳಿಯ ಮನೆಗೆ ಹೋಗಿ ಮಚ್ಚು ತಂದೆ. ಹಿಡಿಯ ಮೇಲೆ ಬುಧವಾರದ ಕುಂಕುಮ ಹಾಗೇ ಇತ್ತು. ಓಣಿಯಲ್ಲಿ ಗೋಣಿಚೀಲ ನೆನೆಸಿ ಹಾಸಿದೆ. ಅಮ್ಮಾವ್ರು ಬಂದು ಬಾಗಿಲಿಗೆ ಅಡ್ಡ ನಿಂತರು.

"ಬೇಡ ನಿಂಗಮ್ಮ. ನಮ್ಮತ್ತೆ ಕಾಲದಿಂದ ಈ ಮನೇಲಿ ಒಂದು ಜೀವ ತೆಗ್ದಿಲ್ಲ. ಅದಾಗೇ ಹೋಗ್ಲಿ ಬಿಡು."

"ತೆಗೆದಿದ್ದು ಬುಧವಾರನೇ ಆಯ್ತು ಅಮ್ಮಾವ್ರೇ. ನೀವು ಎತ್ತಿಕೊಟ್ರಿ, ನಾನು ತೊಳ್ದೆ. ಈಗ ಮಾಡೋದು ಮುಗ್ಸೋದು ಅಷ್ಟೇ."

ಸ್ವಲ್ಪ ಹೊತ್ತಾದ ಮೇಲೆ ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಒಳಗೆ ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ಆ ಮೀನು ನಾನೊಬ್ಬಳೇ ಎತ್ತುವಂಥದ್ದಲ್ಲ. ಬಲೆಯ ಒಂದು ಕಡೆ ನಾನು ಹಿಡಿದೆ. ಇನ್ನೊಂದು ಕಡೆ ಅವರು ಹಿಡಿದರು. ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಓಣಿಯ ತನಕ ಬಂದರು.

ಅದರ ತಲೆ ಕಲ್ಲು. ಎಲ್ಲಿ ಮೂಳೆ ಮುಗಿಯುತ್ತದೆ ಎಂದು ಬೆರಳಲ್ಲಿ ನೋಡಿಕೊಂಡು, ಮಚ್ಚಿನ ಹಿಂಬದಿಯಿಂದ ಒಂದು ಏಟು, ತಕ್ಷಣ ಮೊನೆ ಒಳಕ್ಕೆ. ಕೈಯಲ್ಲಿ ಹಿಡಿದವರಿಗೆ ಗೊತ್ತಾಗುತ್ತದೆ, ಮುಗಿದದ್ದು. ಮಾರ್ಕೆಟ್ಟಿನಲ್ಲಿ ಲೆಕ್ಕವಿಲ್ಲದಷ್ಟು ಮಾಡಿದ ಕೆಲಸ. ಅವತ್ತು ಮಚ್ಚು ತೊಳೆದು ಕೆಳಗಿಟ್ಟ ಮೇಲೂ ಬೆರಳು ಬಿಡಿಸಿಕೊಳ್ಳಲಿಲ್ಲ. ವಯಸ್ಸಿರಬೇಕು.

ಬಾಳೆಯನ್ನು ಭಾನುವಾರವೇ ತೆಂಗಿನ ಮರದ ಬುಡದಲ್ಲಿ ಹೂತಿದ್ದೆ. ಇದನ್ನೂ ಅದರ ಪಕ್ಕಕ್ಕೆ ಹೂತೆ. ಅಮ್ಮಾವ್ರು ಬುಧವಾರ ಉಳಿದಿದ್ದ ಸೇವಂತಿಗೆ ತಂದು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದು, ಹಾಕದೆ ವಾಪಸ್ಸು ಹೋದರು. ಹೋಗುವಾಗ, ಕರೆಂಟು ಹೋಗಿತ್ತು ಅಂತ ಹೇಳೋಣ ಕಣೇ ಎಂದರು. ನಾನು ಮಣ್ಣು ತುಳಿಯುತ್ತಿದ್ದೆ. ನೀವು ಏನಾದರೂ ಹೇಳಿಕೊಳ್ಳಿ, ನನ್ನ ಕೇಳಿದರೆ ನಾನು ಇದ್ದದ್ದು ಹೇಳುವವಳೇ ಎಂದೆ.

ಮಂಗಳವಾರ ಅವನು ಬಂದ. ದಾವಣಗೆರೆಯದೂ ಮುಗಿದಿತ್ತು. ಚೀಲವನ್ನೂ ಕೆಳಗಿಡದೆ ನೇರ ಕೋಣೆಗೆ ಬಂದು ಗಾಜಿನ ಮುಂದೆ ನಿಂತ. ನೀರು ತಿಳಿಯಾಗುತ್ತ ಬಂದಿತ್ತು. ಹತ್ತಡಿಯ ತೊಟ್ಟಿಯಲ್ಲಿ ಮೊಸಳೆ ಮೂತಿ ಒಂದೇ.

ನಾನು ಸುತ್ತುಬಳಸಲಿಲ್ಲ. ಆಯುಧಪೂಜೆಗೆ ಫಿಲ್ಟರು ತೊಳೆದೆ, ನಿಲ್ಲಿಸಿದೆ, ಬಾಳೆ ಭಾನುವಾರ ಹೋಯಿತು, ಕೆಂಪು ಬಾಲದ್ದನ್ನು ನಿನ್ನೆ ನಾನೇ ಮುಗಿಸಿದೆ ಎಂದೆ. ಅಮ್ಮಾವ್ರು ಬಾಗಿಲಲ್ಲಿದ್ದರು. ಕರೆಂಟಿನ ಮಾತು ಎತ್ತಲಿಲ್ಲ. ಪೂಜೆ ಮಾಡೋಣ ಅಂದದ್ದು ನಾನು ಕಣಪ್ಪ, ಫೋನು ಬೇಡ ಅಂದದ್ದೂ ನಾನೇ ಎಂದರು.

ಅವನು ಬಗ್ಗಿ ಪೆಟ್ಟಿಗೆ ತೆರೆದು ಬಿಳಿ ಬಳೆಗಳನ್ನು ನೋಡಿದ. ಒಂದನ್ನು ಕೈಗೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದ.

"ಯಾವತ್ತು ಗೊತ್ತಾಯ್ತು?"

"ಶನಿವಾರ."

"ಮೇಲೆ ತಾವರೆ ಡ್ರಮ್ಮಲ್ಲಿ ಒಂದು ಚೀಲ ಬಳೆ ಇಟ್ಟಿದೀನಿ ಅಜ್ಜಿ. ಅಲ್ಲೂ ಸಣ್ಣ ಮೋಟಾರು ವರ್ಷದಿಂದ ಓಡ್ತಿದೆ. ಇಂಥ ಟೈಮಿಗೆ ಅಂತಾನೇ ಇಟ್ಟಿದ್ದು. ಶನಿವಾರ ತಂದು ಇದ್ರಲ್ಲಿ ಹಾಕಿದ್ರೆ ಕೆಂಪು ಬಾಲದ್ದು ಉಳೀತಿತ್ತು. ಒಂದು ಫೋನ್ ಸಾಕಿತ್ತು."

ಅವನು ಮೆಟ್ಟಿಲು ಹತ್ತಿ ಹೋದ. ನೀರು ಸೋರುವ ಚೀಲ ಹಿಡಿದು ಇಳಿದು ಬಂದು, ನಾವಿಬ್ಬರೂ ನಿಂತಿದ್ದ ಹಾಗೇ ಅದನ್ನು ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದ. ಕಂದು ಲೋಳೆ ಹಿಡಿದ ಚೀಲ. ಅಮ್ಮಾವ್ರು ಗೋಡೆಯ ಹಾಳೆಯ ಕಡೆ ನೋಡುತ್ತಿದ್ದರು.

ಫಿಲ್ಟರು ತೊಳೆದದ್ದು ತಿಳಿಯದೆ ಮಾಡಿದ್ದು. ಅದಕ್ಕೆ ನಾನು ಎದೆ ಬಡಿದುಕೊಳ್ಳುವುದಿಲ್ಲ. ಶನಿವಾರ ಫೋನನ್ನು ಸೆರಗಿಗೆ ಸಿಕ್ಕಿಸಿದ್ದು ತಿಳಿದೇ ಮಾಡಿದ್ದು. ಆ ತಾಯಿ, ಮಗನ ಬಾಯಿ ಮುಚ್ಚಿಹೋಗಬಾರದು ಎಂದು ಸುದ್ದಿ ಮುಚ್ಚಿಟ್ಟರು, ನಾನು ನನ್ನ ಮುಖ ಉಳಿಸಿಕೊಳ್ಳಲು ಮುಚ್ಚಿಟ್ಟೆ. ಮಚ್ಚು ಬಿದ್ದದ್ದು ಮೀನಿನ ಮೇಲೆ.

ಅವನು ನನ್ನನ್ನು ಬಿಡಿಸಲಿಲ್ಲ. ಬಿಡಿಸುತ್ತಾನೆ ಎಂದುಕೊಂಡು ಇಕ್ಕುಳ ತೊಳೆದು ಗೋಡೆಗೆ ನೇತುಹಾಕಿ ಬಂದಿದ್ದೆ. ಬುಧವಾರ ಹೋದೆ, ಶನಿವಾರ ಹೋದೆ, ಯಾರೂ ಬೇಡ ಎನ್ನಲಿಲ್ಲ. ಒಂದಕ್ಕೆ ಮಾತ್ರ ತುಂಡು ಮಾಡಿದೆ. ಆದರೆ ಅಮ್ಮಾವ್ರು ಹೆದರಿದ್ದೇ ಆಯಿತು. ಅವನು ಮತ್ತೆ ಮಾತು ನಿಲ್ಲಿಸಿದ. ನನ್ನ ಹತ್ತಿರ, ತಾಯಿಯ ಹತ್ತಿರ. ಸಂಜೆ ಬಂದು ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನಂತೆ, ತಟ್ಟೆ ಅಲ್ಲಿಗೇ ತರಿಸಿಕೊಂಡು ಅರ್ಧ ಬಿಡುತ್ತಾನಂತೆ. ಅಮ್ಮಾವ್ರು ಓಣಿಯಲ್ಲಿ ನನಗೆ ಕಾಫಿ ಇಟ್ಟು, ನಿನ್ನೆನೂ ಒಂದು ಮಾತಾಡಲಿಲ್ಲ ಕಣೇ ಎನ್ನುವುದು, ನಾನು ಲೋಟ ಎತ್ತುವುದು. ಲೋಟ ಅದೇ ಕಿಟಕಿಯಲ್ಲಿ ಇತ್ತು. ಒಟ್ಟಿಗೆ ಬಲೆ ಹಿಡಿದೆವು ಎಂದು ಲೋಟ ಜಾಗ ಬದಲಾಯಿಸುವುದಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಬುಧವಾರ ಹೋದಾಗ ಗೋಡೆಯ ಹಾಳೆ ಹೊಸದಾಗಿತ್ತು. ಮೊದಲಿನದೇ ಸಾಲುಗಳು, ಮೊದಲಿಗಿಂತ ದೊಡ್ಡ ಅಕ್ಷರ. ಕೆಳಗೆ ಒಂದು ಸಾಲು ಜಾಸ್ತಿ ಇತ್ತು. ಫಿಲ್ಟರಿನ ವಿಷಯ ಇರಬೇಕು, ಮುಟ್ಟಬೇಡಿ ಎಂದು ಬರೆದಿರುತ್ತಾನೆ ಎಂದುಕೊಂಡು ಬೆರಳಿಟ್ಟು ಓದಿದೆ. ಅದಲ್ಲ.

"ಏನೇ ಆದರೂ ನನಗೆ ಹೇಳಿ."

ಅಡಿಯಲ್ಲಿ ಅವನ ನಂಬರು. ಹಿಂದೆ ಸದ್ದಾಗಿ ತಿರುಗಿದೆ. ಅಮ್ಮಾವ್ರು ಬಾಗಿಲ ಹೊರಗೇ ನಿಂತು, ಕನ್ನಡಕ ಏರಿಸಿಕೊಂಡು ಅದೇ ಸಾಲನ್ನು ನೋಡುತ್ತಿದ್ದರು. ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಮೊಸಳೆ ಮೂತಿ ಮೇಲೆ ಬಂದು ಒಂದು ಬಾಯಿ ಗಾಳಿ ಕುಡಿದು ಕೆಳಗೆ ಹೋಯಿತು. ನಾನು ಇಕ್ಕುಳ ತೆಗೆದುಕೊಂಡೆ.